ಎಡ ಬಲ ಅದಲುಬದಲಾದ ಕೇಬಲ್

ದಾಂಡೇಲಿಯ ಸಣ್ಣ ಆಸ್ಪತ್ರೆಯೊಂದರಲ್ಲಿ ನಾನು ಕಿವಿ ಪರೀಕ್ಷೆಯ ಟೆಕ್ನಿಶಿಯನ್ ಆಗಿ ಹನ್ನೆರಡನೆಯ ವರ್ಷದಲ್ಲಿದ್ದಾಗ ನಡೆದದ್ದಿದು. ಹೆಂಡತಿ ತೀರಿಕೊಂಡು ಮೂರು ವಾರವಾಗಿತ್ತು. ಮನೆಯಲ್ಲಿ ಕೂರಲಾಗದೆ ಕೆಲಸಕ್ಕೆ ಮರಳಿದ್ದೆ. ಅಳು ಬರುತ್ತಿರಲಿಲ್ಲ. ಊಟದಲ್ಲಿ ಉಪ್ಪಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ, ಅಷ್ಟೆ.

ನಮ್ಮ ಯಂತ್ರ ಹಳೆಯದು. ಕಂಪ್ಯೂಟರಿನ ಸೌಂಡ್ ಕಾರ್ಡ್ ಸಣ್ಣ, ದೊಡ್ಡ ಸ್ವರಗಳನ್ನು ಹೊರಡಿಸುತ್ತದೆ. ಒಂದು ಕೇಬಲ್ ಅವನ್ನು ಹೆಡ್‌ಫೋನಿಗೆ ಒಯ್ಯುತ್ತದೆ. ಆ ಸೋಮವಾರ ಕೇಬಲ್ ಕೆಟ್ಟಿತು. ಕಾರ್ಡಿಗೆ ಚುಚ್ಚುವ ತುದಿಯಲ್ಲಿ ಒಂಬತ್ತು ಪಿನ್ನಿನ ದುಂಡು ಕನೆಕ್ಟರ್. ಅಂಥದ್ದು ಈಗ ಅಂಗಡಿಗಳಲ್ಲಿ ಸಿಗುವುದಿಲ್ಲ. ಬಸ್ಸು ಹತ್ತಿ ಹಳಿಯಾಳಕ್ಕೆ ಹೋದೆ. ಸೌಂಡ್ ಸಿಸ್ಟಮ್ ರಿಪೇರಿ ಮಾಡುವ ರಫೀಕ್‌ಸಾಬರು ಹಳೆಯ ಸಾಮಾನಿನ ಡಬ್ಬಿ ಸುರುವಿ ಅಂಥದ್ದೇ ಒಂದನ್ನು ಹುಡುಕಿದರು. ಅದರ ಇನ್ನೊಂದು ತುದಿ ಕತ್ತರಿಸಿ ಹೋಗಿತ್ತು.

“ಬೆಸಿಗಿ ಹಾಕಿ ಕೊಡ್ತೇನ್ರಿ. ಆದ್ರ ಒಳಗಿನ ತಂತಿ ಬಣ್ಣ ನಂಬಬ್ಯಾಡ್ರಿ. ಎಡಾ ಯಾವ್ದು, ಬಲಾ ಯಾವ್ದು, ಹಚ್ಚಿದ ಮ್ಯಾಲ ನೀವ ಕೇಳಿ ನೋಡ್ರಿ,” ಎಂದರು.

“ಹೂಂ” ಎಂದೆ.

ಹೆಡ್‌ಫೋನನ್ನು ದಿನಾ ಬೆಳಿಗ್ಗೆ ಮೊದಲು ನಮ್ಮ ಕಿವಿಗೇ ಹಾಕಿ ಕೇಳಬೇಕು. ಈ ಕೆಲಸದ ಮೊದಲ ನಿಯಮವೇ ಅದು. ಹನ್ನೆರಡು ವರ್ಷ ಅದನ್ನು ತಪ್ಪಿಸಿರಲಿಲ್ಲ. ಮರುದಿನ ಹೊಸ ಕೇಬಲ್ ಜೋಡಿಸಿ, ಪರದೆಯ ಮೇಲೆ ಸ್ವರದ ಗೆರೆ ಏಳುವುದನ್ನಷ್ಟೇ ನೋಡಿ ಸಾಕೆಂದುಕೊಂಡೆ. ಯಾವ ಸದ್ದನ್ನೂ ಕೇಳುವ ಮನಸ್ಸಿರಲಿಲ್ಲ.

ಎರಡು ದಿನದಲ್ಲಿ ಒಂಬತ್ತು ಜನರ ಪರೀಕ್ಷೆ ಮುಗಿಸಿದೆ. ಮೂರನೆಯ ದಿನ ಹಳ್ಳಿಯಿಂದ ಗಂಗವ್ವ ಎಂಬ ಮುದುಕಿ ಬಂದರು. ಈಗ ಬಲಗಿವಿಗೆ ಎಂದು ಹೇಳಿ ಸ್ವರ ಕೊಟ್ಟೆ. ಅವರು ಕೈ ಎತ್ತಿ, ಹಾಗೇ ನನ್ನನ್ನು ದಿಟ್ಟಿಸಿದರು.

“ತಮ್ಮಾ, ನೀ ಬಲಕ್ಕ ಅಂತಿ, ನನಗ ಎಡಕ್ಕ ಕೇಳಸಾಕತ್ತೈತಿ. ಬಲಗಿವಿ ನಾ ಸಣ್ಣಾಕಿ ಇದ್ದಾಗನ ಹೋಗೇತಪಾ.”

ಹೆಡ್‌ಫೋನ್ ತೆಗೆದು ನಾನೇ ಹಾಕಿಕೊಂಡೆ. ಬಲ ಎಂದು ಒತ್ತಿದರೆ ಎಡಕ್ಕೆ ಬರುತ್ತಿತ್ತು.

ಡಾಕ್ಟರಿಗೆ ಹೇಳಿ ಒಂಬತ್ತೂ ಜನರಿಗೆ ಫೋನ್ ಮಾಡತೊಡಗಿದೆ. ಆರನೆಯ ಕರೆ ಹಳಿಯಾಳದ ಶಬಾನಾ ಅವರಿಗೆ. ಅವರ ಐದು ವರ್ಷದ ಮಗಳು ಆಯಿಶಾಳಿಗೆ ಒಂದು ಕಿವಿ ಮಂದ; ಯಾವುದೆಂದು ತಿಳಿಯಲೆಂದೇ ಪರೀಕ್ಷೆಗೆ ಕರೆತಂದಿದ್ದರು.

“ಕಿವಿ ಮಿಷನ್ ನಿನ್ನೆನ ಹಾಕಿಸಿದಿವ್ರಿ, ನಿಮ್ಮ ರಿಪೋರ್ಟ್ ತೋರಿಸಿ,” ಎಂದರು. ರಿಪೋರ್ಟಿನಲ್ಲಿ ಎಡ ಬಲ ಅದಲುಬದಲಾಗಿದೆ ಎಂದೆ. “ಒಲ್ಲೆ ಅಂತ ಕಿತ್ತ ಒಗ್ಯಾಕತ್ತಿದ್ಲು. ಹಟಾ ಮಾಡ್ತಾಳಂತ ಹೊಡದು ಮತ್ತ ಕಿವಿಗೆ ಹಾಕೀನ್ರಿ.”

ಚೆನ್ನಾಗಿ ಕೇಳುವ ಕಿವಿಯೊಳಗೆ ಆ ಮಗುವಿಗೆ ಒಂದು ದಿನವಿಡೀ ಜೋರು ಸದ್ದು.

ಮರುದಿನ ಬೆಳಿಗ್ಗೆ ತಂತಿ ಬದಲಿಸಿ, ನಾನು ಕೇಳಿ, ನರ್ಸಿಗೂ ಕೇಳಿಸಿ, ಆಮೇಲೆ ಆಯಿಶಾಳನ್ನು ಕೂರಿಸಿದೆ. ಒಳ್ಳೆಯ ಕಿವಿಗೆ ಏನೂ ಆಗಿರಲಿಲ್ಲ. ಶಬಾನಾ ನನಗೆ ಒಂದು ಮಾತೂ ಅನ್ನಲಿಲ್ಲ. ಮಗಳನ್ನು ಎತ್ತಿಕೊಂಡು, “ನೀ ಖರೇನ ಹೇಳಿದ್ದಿ ಬಿಡವಾ,” ಎಂದರು. ಬೈದಿದ್ದರೆ ಹಗುರಾಗುತ್ತಿತ್ತೇನೋ. ಆಗಲೂ ನನಗೆ ಅಳು ಬರಲಿಲ್ಲ.

ದುಃಖದಲ್ಲಿರುವವರು ಕೆಲಸಕ್ಕೆ ಬರಬಾರದೆಂದು ನಾನು ಹೇಳುವುದಿಲ್ಲ. ಬೇರೆಲ್ಲಿಗೆ ಹೋಗಬೇಕು ಅವರು? ಆದರೆ ಅಂಥ ದಿನಗಳಲ್ಲಿ ನಮ್ಮ ಕೈ ತನ್ನಷ್ಟಕ್ಕೆ ಕೆಲಸ ಮಾಡುತ್ತಿರುತ್ತದೆ, ನಾವು ಅಲ್ಲಿರುವುದಿಲ್ಲ. “ಇವತ್ತು ನನ್ನ ಕೆಲಸ ನೀವೊಮ್ಮೆ ನೋಡಿ” ಎಂದು ಪಕ್ಕದವರನ್ನು ಕೇಳಬೇಕು. ಆ ಒಂದು ಮಾತು ಕಲಿಯಲು ನನಗೆ ಹನ್ನೆರಡು ವರ್ಷ ಹಿಡಿಯಿತು, ಒಂದು ಮಗು ಏಟು ತಿನ್ನಬೇಕಾಯಿತು.