ಮೂರು ಚುಕ್ಕೆ, ಒಂದು ಬಾಲ

ನಮ್ಮ ಬೀದಿಯಲ್ಲಿ ಅವಳಿಗೆ ಗುರುತಕ್ಕ ಎಂದೇ ಹೆಸರು. ಹೆತ್ತವರು ಇಟ್ಟ ಹೆಸರು ಗಂಡನಿಗಾದರೂ ನೆನಪಿದೆಯೋ ಇಲ್ಲವೋ. ಬಟ್ಟೆ ಒಗೆಯುವುದು ಅವಳ ಕಸುಬು, ಇಸ್ತ್ರಿ ಗಂಡನದು. ಮನೆಗೆ ಬಂದ ಪ್ರತಿ ಬಟ್ಟೆಗೂ ಕಾಲರಿನ ಮಡಿಕೆಯೊಳಗೆ, ಎಷ್ಟು ಉಜ್ಜಿದರೂ ಹೋಗದ ಕಪ್ಪು ಶಾಯಿಯಲ್ಲಿ ಮೂರು ಚುಕ್ಕೆ ಇಟ್ಟು, ಕೆಳಗೆ ಇಲಿಬಾಲದಂಥ ಒಂದು ಗೆರೆ ಎಳೆಯುತ್ತಾಳೆ. ಅದು ಅವಳ ಮನೆಯ ಗುರುತು. "ತೊಟ್ಟವನ ಕಣ್ಣಿಗೆ ಬೀಳಬಾರದು, ಒಗೆದವಳ ಕೈಗೆ ತಪ್ಪಬಾರದು" ಎಂಬುದು ಅವಳ ಶಾಸ್ತ್ರ. ಒಂದು ದಿನ ನನ್ನ ಅಂಗಡಿಯ ಅರ್ಧ ಕಿಲೋ ತೂಕದ ಕಲ್ಲಿಗೂ ಗುರುತು ಹಾಕಿಬಿಟ್ಟಳು. ನಾನು ಕಲ್ಲು ಬದಲಾಯಿಸುತ್ತೇನೆಂಬ ಅನುಮಾನ. ಅನುಮಾನ ಪೂರ್ತಿ ಸುಳ್ಳೆಂದು ನಾನೂ ಆಣೆ ಮಾಡಲಾರೆ.

ನನ್ನದು ಸೋಪು, ಸೋಡಾ, ನೀಲಿ ಮಾರುವ ಅಂಗಡಿ. ಹಾಗಾಗಿ ಈ ಕಥೆಯಲ್ಲಿ ನನ್ನ ಕೈಯೂ ಸ್ವಲ್ಪ ಒದ್ದೆಯಾಗಿದೆ.

ಊರಾಚೆ ತಂತಿ ಬೇಲಿಯೊಳಗೆ ಒಂದು ಅಣುಸ್ಥಾವರವಿತ್ತು. ಈಗ ಮುಚ್ಚಿದೆ. ಅದು ನಡೆಯುತ್ತಿದ್ದ ಕಾಲದಲ್ಲಿ ಒಳಗಿದ್ದ ಬಟ್ಟೆ ಒಗೆಯುವ ಯಂತ್ರ ಕೆಟ್ಟಿತು. ರಿಪೇರಿ ಮಾಡಿಸಿ ಎಂದು ಮೇಲಿನವರಿಗೆ ಕಾಗದ ಹೋಯಿತು. ಉತ್ತರ ಬರಲು ಒಂಬತ್ತು ವರ್ಷ ಹಿಡಿಯಿತು. ಆ ಒಂಬತ್ತು ವರ್ಷವೂ ಕೆಲಸಗಾರರ ಬಿಳಿ ಮೇಲಂಗಿಗಳು ಮೂಟೆಮೂಟೆಯಾಗಿ ಗುರುತಕ್ಕನ ಹಿತ್ತಲಿಗೆ ಬಂದವು. ಬೇಲಿಯೊಳಗೆ ಅವನ್ನು ಮುಟ್ಟಲು ರಬ್ಬರಿನ ಕೈಗವಸು ಬೇಕಿತ್ತಂತೆ. ಬೇಲಿಯಾಚೆ ಇವಳ ಬರಿಗೈ ಸಾಕಾಯಿತು.

"ಅದೇನೋ ವಿಕಿರಣ ಅಂತಾರಲ್ಲೋ ತಮ್ಮಾ, ಆ ಕೊಳೆ ಕಣ್ಣಿಗೇ ಕಾಣಲ್ಲ. ಹೋಯ್ತೋ ಇಲ್ವೋ ಹೆಂಗೆ ಗೊತ್ತಾಗ್ಬೇಕು?" ಎಂದು ಒಮ್ಮೆ ಕೇಳಿದ್ದಳು.

"ನನ್ನ ಸೋಡಾ ಹಾಕಕ್ಕ. ಕಾಣೋದು, ಕಾಣದ್ದು, ಎಲ್ಲಾ ಹೋಗುತ್ತೆ" ಎಂದಿದ್ದೆ. ವ್ಯಾಪಾರಿಯ ನಾಲಿಗೆಗೆ ಎಲುಬಿಲ್ಲ.

ಇಪ್ಪತ್ತು ವರ್ಷದ ಮೇಲೆ, ಅವಳ ಕತ್ತಿನಲ್ಲಿ ಗಂಟು ಇರುವುದನ್ನು ಮೊದಲು ಕಂಡವನು ಗಂಡ. ಒಗೆಯುವಾಗ ಅವಳು ಅವನ ಹಳೇ ಅಂಗಿ ತೊಡುವುದು ರೂಢಿ. "ಮೇಲಿನ ಗುಂಡಿ ಯಾಕೆ ಹಾಕಿಲ್ಲ?" ಎಂದ. "ಹಿಡಿಸ್ತಿಲ್ಲ" ಎಂದಳು. ಅವನು ಇಸ್ತ್ರಿಪೆಟ್ಟಿಗೆ ಕೆಳಗಿಟ್ಟ. "ಅಂಗಿ ಕುಗ್ಗಿಲ್ಲ ಕಣೇ. ನಿನ್ನ ಕಾಲರ್ ಅಳತೆ ಬದಲಾಗಿದೆ."

ದೊಡ್ಡಾಸ್ಪತ್ರೆಯ ಪರೀಕ್ಷೆಗೆ ಕೈಯಿಂದ ಕೊಡುವಷ್ಟು ದುಡ್ಡು ಆ ಮನೆಯಲ್ಲಿ ಇರಲಿಲ್ಲ. ಅದೇ ಹೊತ್ತಿಗೆ ಸರ್ಕಾರ ಹೊಸ ಕಾಯಿದೆ ತಂದಿತು: ಸ್ಥಾವರದ ವಿಕಿರಣ ತಗುಲಿದವರಿಗೆ ಬಿಟ್ಟಿ ತಪಾಸಣೆ, ಬಿಟ್ಟಿ ಚಿಕಿತ್ಸೆ, ಮೇಲೆ ಪರಿಹಾರ. ಪಟ್ಟಿಯಲ್ಲಿ ಹೆಸರಿದ್ದರೆ ಮಾತ್ರ. ನಾಲ್ಕಕ್ಷರ ಬಲ್ಲವನೆಂದು ನನ್ನನ್ನೂ ಕರೆದುಕೊಂಡು ಶಿಬಿರಕ್ಕೆ ಹೊರಟಳು. "ಎಲ್ಲಾ ಹೋಗುತ್ತೆ ಅಂದಿದ್ಯಲ್ಲ, ಈಗ ನೀನೂ ಬಾ" ಎಂದಳು. ನಾನು ಅಂಗಡಿ ಮುಚ್ಚಿಕೊಂಡು ಹೋದೆ.

ಶಿಬಿರದಲ್ಲಿ ಮೇಜಿನ ಹಿಂದೆ ಒಬ್ಬ ಗುಮಾಸ್ತ. ತಲೆ ಎತ್ತದೆ ಫಾರಂ ತುಂಬುವುದರಲ್ಲಿ ನಿಸ್ಸೀಮ.

"ಬೇಲಿ ಒಳಗೆ ಕೆಲಸ ಮಾಡಿದ್ರಾ?"

"ಇಲ್ಲಪ್ಪ. ಬೇಲಿನೇ ನನ್ನ ಮನೆಗೆ ಬರ್ತಿತ್ತು, ಮೂಟೆ ಕಟ್ಕೊಂಡು."

"ಇಲ್ಲ" ಎಂದಷ್ಟೇ ಬರೆದುಕೊಂಡ. "ಗುರುತು ಏನಿದೆ?"

ಅವನು ಕೇಳಿದ್ದು ಮಚ್ಚೆಯನ್ನೋ ಗಾಯದ ಕಲೆಯನ್ನೋ. ಇವಳ ಬಾಳಿನಲ್ಲಿ ಗುರುತು ಎಂದರೆ ಒಂದೇ.

"ಮೂರು ಚುಕ್ಕೆ, ಒಂದು ಬಾಲ."

"ಎಲ್ಲಿ?"

"ಇನ್ನೆಲ್ಲಿ, ಕತ್ತಿನ ಹಿಂದೆ, ಕಾಲರ್ ಒಳಗೆ."

"ಬಾಲ ಮೇಲಕ್ಕೋ, ಕೆಳಕ್ಕೋ?"

"ಬಾಲ ಯಾರಿಗಪ್ಪಾ ಮೇಲಿರುತ್ತೆ?"

ಅವನು ಅಕ್ಷರ ಬಿಡದೆ ಬರೆದ: 'ಕತ್ತಿನ ಹಿಂಭಾಗದಲ್ಲಿ ಮೂರು ಚುಕ್ಕೆ, ಕೆಳಗೆ ಬಾಲ.' ಅವನ ಪಾಲಿಗೆ ಅದು ಮೈಮೇಲಿನ ಮಚ್ಚೆ. ತಿದ್ದೋಣವೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ತಾರೀಖು ಸಮೇತ ಠಸ್ಸೆ ಬಿತ್ತು. ಠಸ್ಸೆ ಬಿದ್ದ ಮೇಲೆ ಬಾಯಿ ತೆರೆಯಬಾರದೆಂದು ನಮ್ಮಪ್ಪ ಹೇಳಿಕೊಟ್ಟಿದ್ದ.

ತಿಂಗಳ ಮೇಲೆ ಉತ್ತರ ಬಂತು: ಅರ್ಜಿ ತಿರಸ್ಕೃತ. ದಾಖಲೆಯ ಪ್ರಕಾರ ಯಾವ ಬಟ್ಟೆಯೂ ಎಂದೂ ಬೇಲಿ ದಾಟಿಲ್ಲ. ಬಟ್ಟೆಯೇ ದಾಟದಿದ್ದರೆ ಒಗೆದವಳು ಎಲ್ಲಿಂದ ಬಂದಳು? ಒಪ್ಪದಿದ್ದರೆ ವಿಚಾರಣೆಗೆ ಬರಬಹುದು ಎಂದು ಕೊನೆಯಲ್ಲಿ ಒಂದು ಸಾಲಿತ್ತು. ಇಂಥ ಸಾಲನ್ನು ಯಾರೂ ಓದುವುದಿಲ್ಲವೆಂಬ ಧೈರ್ಯದಲ್ಲೇ ಬರೆದಿರುತ್ತಾರೆ. ನಾನು ಓದಿದೆ.

ವಿಚಾರಣೆ ನಡೆದದ್ದು ಸ್ಥಾವರದ ಗೇಟಿನ ಪಕ್ಕದ ಕೋಣೆಯಲ್ಲಿ. ಗುರುತಕ್ಕ ಅಲ್ಲಿಗೆ ಕಾಲಿಟ್ಟದ್ದು ಅದೇ ಮೊದಲು. ಸಮಿತಿಯ ಮುಖ್ಯಸ್ಥೆ ಒಬ್ಬ ವಯಸ್ಸಾದ ಡಾಕ್ಟರಮ್ಮ. ಎದುರಿಗೆ ಸ್ಥಾವರದ ಪರವಾಗಿ ಒಬ್ಬ ಸಾಹೇಬ. ಗೋಡೆಗೆ ಒರಗಿಸಿದ ಬೀಗ ಹಾಕಿದ ಗಾಜಿನ ಬೀರುವಿನಲ್ಲಿ, ಬಂದವರೆಲ್ಲ ನೋಡಲೆಂದು, ಗೊಂಬೆಯೊಂದಕ್ಕೆ ಬಿಳಿ ಮೇಲಂಗಿ ತೊಡಿಸಿ ನಿಲ್ಲಿಸಿದ್ದರು.

ಸಾಹೇಬ ಅದರತ್ತಲೇ ಕೈ ತೋರಿಸಿದ. "ನೋಡಿ ಮೇಡಂ, ಇದು ಆ ಕಾಲದ್ದೇ. ಇಲ್ಲೇ ಒಗೆದದ್ದು, ಇಲ್ಲೇ ಇಟ್ಟದ್ದು. ಇಂಥದ್ದು ಒಂದೂ ಗೇಟು ದಾಟಿಲ್ಲ."

ಗುರುತಕ್ಕ ಎದ್ದು ಬೀರುವಿನ ಹತ್ತಿರ ಹೋದಳು. ಮಗಳ ಮನೆಗೆ ಬಂದ ತಾಯಿಯ ಹಾಗೆ ಮೇಲಂಗಿಯನ್ನು ಮೇಲಿಂದ ಕೆಳಗೆ ನೋಡಿದಳು. "ತೋಳಿನ ಮಡಿಕೆ ನಮ್ಮೆಜಮಾನ್ರದ್ದೇ" ಎಂದಳು. ಆಮೇಲೆ, "ಡಾಕ್ಟರಮ್ಮಾ, ಇದರ ಕಾಲರ್ ಒಂದ್ಸಲ ಬಿಚ್ಚಿಸ್ತೀರಾ?"

ಬೀಗದ ಕೈ ಹುಡುಕಲು ಅರ್ಧ ಗಂಟೆ ಹಿಡಿಯಿತು. ಇದ್ದದ್ದು ಸಾಹೇಬನ ಜೇಬಿನಲ್ಲೇ. ಡಾಕ್ಟರಮ್ಮ ತಾವೇ ಕಾಲರ್ ಬಿಡಿಸಿದರು. ಮೂರು ಚುಕ್ಕೆ, ಒಂದು ಬಾಲ.

ಸಾಹೇಬನೂ ಸುಮ್ಮನೆ ಸಾಹೇಬನಾದವನಲ್ಲ. "ಏನೋ ಕಲೆ ಇದೆ ಅಂತಿಟ್ಕೊಳ್ಳಿ. ಇದು ಇವರದ್ದೇ ಗುರುತು ಅಂತ ಏನು ಗ್ಯಾರಂಟಿ? ಕಂಡ ಮೇಲೆ ಯಾರು ಬೇಕಾದ್ರೂ ನಂದು ಅನ್ನಬಹುದು."

ಆಗ ನನ್ನ ಬಾಯಿ ತಾನಾಗಿಯೇ ತೆರೆಯಿತು. "ಫಾರಂ ಎರಡನೇ ಪುಟ ನೋಡಿ ಮೇಡಂ. ಇವರು ಈ ಕೋಣೆಗೆ ಬರೋದಕ್ಕೆ ಮುಂಚೇನೇ ಬರೆಸಿದ್ದು."

ಡಾಕ್ಟರಮ್ಮ ಪುಟ ತಿರುವಿ ಗಟ್ಟಿಯಾಗಿ ಓದಿದರು. ಕಾಲರ್ ನೋಡಿದರು. ಫಾರಂ ನೋಡಿದರು. ಆಮೇಲೆ ಗುಮಾಸ್ತನನ್ನು ಕರೆಸಿ, "ಇದು ನಿಮ್ಮ ಠಸ್ಸೇನಾ?" ಎಂದರು.

"ಹೌದು ಮೇಡಂ. ಆದ್ರೆ ನಾನು ಇದನ್ನ ಮಚ್ಚೆ ಅಂದ್ಕೊಂಡು..."

"ಮಚ್ಚೆ ಅಂತ ಎಲ್ಲಿ ಬರೆದಿದ್ದೀರಿ? ಗುರುತು ಅಂತ ತಾನೆ ಬರೆದಿರೋದು?"

ಗುಮಾಸ್ತ ಮೊದಲ ಬಾರಿಗೆ ತಲೆ ಎತ್ತಿದ. ಎತ್ತಿದ ತಲೆಯನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಗುರುತಕ್ಕ ಅವನ ಕೈ ತಟ್ಟಿದಳು. "ಬೇಜಾರಾಗ್ಬೇಡ ಮಗಾ. ನಿನ್ನ ಅಕ್ಷರ ಚೆನ್ನಾಗಿದೆ."

ಹೆಸರು ಪಟ್ಟಿಗೆ ಸೇರಿತು. ಪರಿಹಾರ ಬರುವ ದಾರಿಯಲ್ಲಿದೆಯಂತೆ, ದಾರಿ ಉದ್ದವಿರಬೇಕು. ತಪಾಸಣೆ ಮಾತ್ರ ಅದೇ ವಾರ ಆಯಿತು. ಗಂಟು ಒಳ್ಳೆಯದಲ್ಲ, ತೆಗೆಯಬೇಕು, ಇನ್ನೂ ಹೊತ್ತು ಮೀರಿಲ್ಲ ಎಂದರು. ಆ ದಿನ ಅಂಗಡಿಗೆ ಬಂದು ಅವಳು ಏನೂ ಕೊಳ್ಳಲಿಲ್ಲ. ಗುರುತು ಹಾಕಿದ ಕಲ್ಲನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಕೂತಿದ್ದಳು.

ಆಪರೇಷನ್ನಿನ ಬೆಳಿಗ್ಗೆ ನಾನೂ ಅವಳ ಗಂಡನೂ ಮಂಚದ ಪಕ್ಕ ನಿಂತಿದ್ದೆವು. ಅವನು ಆಸ್ಪತ್ರೆಯ ನಿಲುವಂಗಿಯನ್ನು ನೋಡಿ, "ಇಸ್ತ್ರಿನೇ ಮಾಡಿಲ್ಲ" ಎಂದು ಗೊಣಗಿದ. ಅಂಗೈಯಿಂದಲೇ ಅದರ ಸುಕ್ಕು ತೀಡತೊಡಗಿದ. ಅಷ್ಟರಲ್ಲಿ ನರ್ಸಮ್ಮ ಬಂದು, ಕೊಯ್ಯುವ ಜಾಗ ತಪ್ಪಬಾರದೆಂದು ಗುರುತಕ್ಕನ ಕತ್ತಿನ ಮೇಲೆ ನೇರಳೆ ಶಾಯಿಯಲ್ಲಿ ಗೆರೆ ಎಳೆದಳು.

ಗುರುತಕ್ಕ ಕನ್ನಡಿ ಕೇಳಿ ತರಿಸಿಕೊಂಡಳು. ಹೊರಳಿಸಿ ಹೊರಳಿಸಿ ನೋಡಿದಳು. ಉಗುಳು ಹಚ್ಚಿ ಉಜ್ಜಿ ಪರೀಕ್ಷಿಸಿದಳು. ಹೋಗಲಿಲ್ಲ.

"ಇದು ಯಾರ ಗುರುತಮ್ಮಾ?"

"ಆಪರೇಷನ್ ಮಾಡೋ ಡಾಕ್ಟರದ್ದು ಅಜ್ಜಿ."

"ಹಂಗಾದ್ರೆ ಸರಿ" ಎಂದು ನಮ್ಮಿಬ್ಬರ ಕಡೆ ತಿರುಗಿದಳು. "ಹೆದರ್ಬೇಡ್ರೋ. ಗುರುತು ಹಾಕಿ ಒಳಗೆ ತಗೊಂಡಿದ್ದು ಇಲ್ಲೀತನಕ ಒಂದೂ ಕಳೆದಿಲ್ಲ."