ಹರಿವೆಯ ಮೇಲೆ ಹಾಕಿದ ತಪ್ಪು

ಹೊರಕಡೆಗೆ ಕೂತಾಗ ಮೊದಲ ಸಲ ಕೆಂಪು ಕಂಡು ಹರಿವೆಯನ್ನು ದೂರಿದೆ. ಹಿಂದಿನ ದಿನ ಕೆಂಪು ಹರಿವೆಯ ಪಲ್ಯ ಮಾಡಿದ್ದೆ, ಅನ್ನಕ್ಕೆಲ್ಲ ಬಣ್ಣ ಹತ್ತುವಂಥದು. ಮುಂದಿನ ವಾರ ಹರಿವೆ ಇರಲಿಲ್ಲ. ಆಗ ಬಿರಿಂಡದ ಹುಳಿಹಣ್ಣಿನ ಕೆಂಪು ಸಾರನ್ನು ದೂರಿದೆ. ಅಡುಗೆಮನೆಯಲ್ಲಿ ದೂರುವುದಕ್ಕೆ ಏನಾದರೊಂದು ಸಿಗುತ್ತದೆ.

ಮೂರನೆಯ ತಿಂಗಳು ಏನೂ ಸಿಗಲಿಲ್ಲ.

ದಿನಕ್ಕೆ ಎಂಟು ಹತ್ತು ಸಲ ಚೊಂಬು ಹಿಡಿದು ಹಿತ್ತಲಿಗೆ ಓಡಬೇಕಾಗಿತ್ತು. ರುಬ್ಬುವ ಕಲ್ಲಿನ ಮುಂದೆ ಕೂತರೆ ಏಳಲು ಗೋಡೆ ಬೇಕು. ಬಳೆಗಳು ಮೊಣಕೈವರೆಗೆ ಜಾರತೊಡಗಿದವು. ನನ್ನ ಅಕ್ಕ ಹೀಗೆಯೇ ಹೋದವಳು. ಮೊದಲು ನೆತ್ತರು, ಆಮೇಲೆ ಸೊರಗು, ಒಂದು ಮಳೆಗಾಲದೊಳಗೆ ಎಲ್ಲ ಮುಗಿಯಿತು. ಕರುಳಿನಲ್ಲಿ ಗಡ್ಡೆ ಇತ್ತೆಂದು ಆಮೇಲೆ ಗೊತ್ತಾಯಿತು. ಅವಳೂ ಯಾರಿಗೂ ಹೇಳಿರಲಿಲ್ಲ. ಇಂಥದನ್ನು ಯಾರಿಗೆ ಹೇಳುವುದು?

ಕೊನೆಗೆ ಇವರಿಗೆ ಹೇಳಿದೆ. ಇವರು ಶಿರಾಲಿಯಲ್ಲಿ ಶಾಲಾ ಮಾಸ್ತರರು. ಮರುದಿನ ಕುಮಟೆಯ ಡಾಕ್ಟರರೊಬ್ಬರಿಗೆ ಕಾಗದ ಬರೆದರು. ಯುದ್ಧದ ಆಸ್ಪತ್ರೆಯಲ್ಲಿದ್ದು ಬಂದವರು, ಕರುಳನ್ನು ಒಳಗಿನಿಂದಲೇ ನೋಡುವ ದೀಪದ ಕೊಳವೆ ತಂದಿದ್ದಾರೆಂದು ಸುದ್ದಿಯಿತ್ತು. ಉತ್ತರ ಬಂತು: ಹಿಂದಿನ ದಿನವಿಡೀ ಗಂಜಿತಿಳಿ ಬಿಟ್ಟು ಏನೂ ಕೂಡದು, ಕರುಳು ಖಾಲಿ ಇರಬೇಕು.

ಅತ್ತೆಗೆ ಮಾತ್ರ, ಕುಮಟೆಯ ನನ್ನ ತಮ್ಮನ ಮನೆಗೆ ಎಂದೆವು. ಅಲ್ಲೇ ತಪ್ಪಿದ್ದು.

ತವರಿನ ಕಡೆ ಹೊರಟ ಸೊಸೆಯನ್ನು ಬರಿಹೊಟ್ಟೆಯಲ್ಲಿ ಹೊಸ್ತಿಲು ದಾಟಿಸುವ ಪದ್ಧತಿ ನಮ್ಮಲ್ಲಿಲ್ಲ. ಹೊರಡುವ ಬೆಳಿಗ್ಗೆ ಅತ್ತೆ ಮೊಸರವಲಕ್ಕಿ ಕಲಸಿ, ಎರಡು ಬಾಳೆಹಣ್ಣು ಇಟ್ಟು ಎದುರೇ ಕೂತರು.

"ಹಸಿವಿಲ್ಲ ಅತ್ತೆ."

"ನಿನ್ನ ತಮ್ಮನ ಹೆಂಡ್ತಿ ಎಂತ ಹೇಳೂದು? ಶಿರಾಲಿಲಿ ಉಪಾಸ ಹಾಕ್ತ್ರು ಅಂತ. ಮೈ ನೋಡು, ಕೋಲು. ತಿನ್ನು."

ನಿಜ ಹೇಳುವುದಕ್ಕಿಂತ ತಿನ್ನುವುದು ಸುಲಭವಾಗಿತ್ತು. ತಿಂದೆ. ಇವರು ಬಾಗಿಲಲ್ಲಿ ನಿಂತು ಕೊಡೆ ಬಿಚ್ಚಿ ಮುಚ್ಚಿ ಮಾಡುತ್ತಿದ್ದರು.

ಪೆಟ್ರೋಲಿಲ್ಲದ ಕಾಲದ ಇದ್ದಿಲಿನ ಬಸ್ಸು ದಾರಿಯಲ್ಲಿ ಎರಡು ಸಲ ನಿಂತಿತು. ಶರಾವತಿಯನ್ನು ದೋಣಿಯಲ್ಲಿ ದಾಟುವಾಗ ನಡುಹೊಳೆಯಲ್ಲಿ ಹೊಟ್ಟೆ ಹಿಂಡಿತು. ದೋಣಿ ತುಂಬ ಜನ. ಮಾವಿನಕುರ್ವೆ ನಡುಗಡ್ಡೆಯ ತೆಂಗಿನಮರಗಳನ್ನೇ ನೋಡುತ್ತ ಹಲ್ಲು ಕಚ್ಚಿ ಕೂತೆ. ಹೊನ್ನಾವರದ ದಂಡೆಗೆ ಕಾಲಿಟ್ಟಾಗ ಸೆರಗೆಲ್ಲ ಬೆವರು.

ಮರುದಿನ ಬೆಳಿಗ್ಗೆ ಕುಮಟೆಯ ದವಾಖಾನೆಯಲ್ಲಿ ಎನಿಮಾ ಕೊಟ್ಟು ಮೇಜಿನ ಮೇಲೆ ಮಂಡಿಯೂರಿಸಿ, ಎದೆಯನ್ನು ದಿಂಬಿಗೆ ತಾಗಿಸಲು ಹೇಳಿದರು. ನನ್ನಿಂದಾಗಲಿಲ್ಲ. ನರ್ಸಬಾಯಿ ಕಿವಿಯ ಹತ್ತಿರ ಬಗ್ಗಿದಳು.

"ದೇವ್ರಿಗೆ ಅಡ್ಡಬಿದ್ದಾಂಗೆ ಬೀಳಿ ಬಾಯಿ. ನಾಚ್ಕೆ ಇರೂದು ಮುಖಕ್ಕಲ್ದಾ? ಮುಖ ದಿಂಬಲ್ಲಿ ಅಡಗ್ತು."

ಕೊಳವೆ ಗೇಣಿಗೂ ಉದ್ದ, ಹೆಬ್ಬೆರಳ ಗಾತ್ರ. ತುದಿಯಲ್ಲಿ ಕೊತ್ತಂಬರಿ ಕಾಳಿನಂಥ ಬಲ್ಬು. ಸಿಗ್ಮಾಯ್ಡೋಸ್ಕೋಪ್ ಎಂದು ಹೆಸರು. ನೋವಿಗಿಂತ ಅದರ ತಣ್ಣಗಿನ ಲೋಹ ನೆನಪಿದೆ. ಡಾಕ್ಟರರು ಬೇಗನೇ ಹೊರತೆಗೆದರು.

"ನಿನ್ನೆ ಎಂತ ತಿಂದ್ರಿ?"

"ಅವಲಕ್ಕಿ."

"ಅವಲಕ್ಕಿನೇ ಕಂಡ್ತು. ಕರುಳು ಕಾಣ್ಲಿಲ್ಲ. ಎಂಟು ದಿನ ಬಿಟ್ಟು ಬನ್ನಿ."

ಎಂಟು ದಿನ.

ಶಿರಾಲಿಗೆ ವಾಪಸು ಬಂದೆವು. ಆ ಎಂಟು ದಿನ ನಾನು ಬದುಕಿದ್ದೆ ಎನ್ನಲಾರೆ. ಯಾವ ಸೀರೆ ಯಾವ ಮಗಳಿಗೆ ಎಂದು ಮನಸ್ಸಿನಲ್ಲೇ ಹಂಚಿದೆ. ಉಪ್ಪಿನಕಾಯಿ ಭರಣಿಗೆ ಬಟ್ಟೆ ಕಟ್ಟುವಾಗ, ಇದನ್ನು ಬಿಚ್ಚುವವಳು ನಾನಲ್ಲ ಎನ್ನಿಸಿ ಗಂಟು ಸಡಿಲ ಬಿಟ್ಟೆ. ಅದನ್ನು ಅತ್ತೆ ನೋಡಿದರು. ಎಂತ ಆಯ್ತೆ ಎಂದರು. ಹೇಳಿಬಿಟ್ಟೆ, ಹರಿವೆಯನ್ನು ದೂರಿದ್ದನ್ನೂ ಅಕ್ಕನ ವಿಷಯವನ್ನೂ ಸೇರಿಸಿ.

"ಮೂರು ತಿಂಗ್ಳಿಂದ ಚೊಂಬು ಹಿಡ್ದು ಓಡೂದು ಕಾಣ್ತಿತ್ತು. ನಾನೂ ಕೇಳ್ಲಿಲ್ಲ," ಎಂದರು. ಭರಣಿಯ ಗಂಟನ್ನು ತಾವೇ ಬಿಗಿಯುತ್ತ, "ಬಾಯಿಬಿಟ್ಟು ಹೇಳಿದ್ರೆ ಅವಲಕ್ಕಿ ಕಲಸ್ತಿದ್ನೇ?"

ಎರಡನೆಯ ಸಲ ಗಂಜಿಯನ್ನು ಬಟ್ಟೆಯಲ್ಲಿ ಸೋಸಿ ತಿಳಿಯನ್ನು ಚೊಂಬಿಗೆ ತುಂಬಿಕೊಟ್ಟವರು ಅತ್ತೆಯೇ. ನಾನು ಬರಿಹೊಟ್ಟೆಯಲ್ಲಿ ಹೊಸ್ತಿಲು ದಾಟುವಾಗ ಅವರು ಗೋಡೆಯ ಕಡೆ ಮುಖ ತಿರುಗಿಸಿ ನಿಂತಿದ್ದರು.

ಈ ಸಲ ಕೊಳವೆ ಒಳಹೋದಷ್ಟೂ ಹೋಯಿತು. ಮೋಟಾರಿನ ಹಾರನ್ನಿಗಿರುವಂಥ ರಬ್ಬರ್ ಚೆಂಡನ್ನು ಒತ್ತಿ ಗಾಳಿ ತುಂಬಿದರು. ಹೊಟ್ಟೆ ಬಿರಿಯುತ್ತದೆ ಎನ್ನಿಸಿತು. ನರ್ಸಬಾಯಿಯ ಬೆರಳುಗಳನ್ನು ಹಿಡಿದಿದ್ದೆ.

"ಹುಣ್ಣಿದೆ," ಎಂದರು ಡಾಕ್ಟರರು.

ದಿಂಬನ್ನು ಕಚ್ಚಿದೆ.

"ಸಣ್ಣ ಸಣ್ಣವು, ಸುಮಾರಿವೆ. ಗಡ್ಡೆ ಕಾಣೂದಿಲ್ಲ. ಇದು ಈ ಕೊಳವೆ ಎಟಕುವಷ್ಟು ದೂರದ ಮಾತು. ಅದರಾಚೆ ನಾ ಹೇಳೂಕಾಗ."

ಹುಣ್ಣಿನಿಂದ ಕೆರೆದು ತೆಗೆದುದನ್ನು ಆಗಲೇ ಮೈಕ್ರೋಸ್ಕೋಪಿನಲ್ಲಿ ನೋಡಿದರು. ಅಮೀಬಾ ಎಂಬ ಕ್ರಿಮಿ. ತಮ್ಮನ ಮನೆಯಲ್ಲೇ ಮಲಗಿ ದಿನಕ್ಕೊಂದು ಎಮೆಟಿನ್ ಇಂಜೆಕ್ಷನ್ ತೆಗೆದುಕೊಂಡೆ. ಆ ಮದ್ದಿಗೆ ಎದೆ ಡವಗುಟ್ಟುತ್ತಿತ್ತು, ವಾಕರಿಕೆ ಬರುತ್ತಿತ್ತು. ಆದರೂ ಒಂದು ಬೆಳಿಗ್ಗೆ ಕೆಂಪು ಕಾಣಲಿಲ್ಲ. ಮರುದಿನವೂ.

ಬಳೆಗಳು ಈಗ ಮಣಿಕಟ್ಟಿನ ಹತ್ತಿರ ನಿಲ್ಲುತ್ತವೆ. ಕೊಳವೆ ಎಟಕದ ಜಾಗದಲ್ಲಿ ಏನಿದೆಯೋ ನನಗೆ ಗೊತ್ತಿಲ್ಲ, ಡಾಕ್ಟರರಿಗೂ ಗೊತ್ತಿಲ್ಲ. ಹಿತ್ತಲಿನಲ್ಲಿ ತಾವೇ ಬೆಳೆಸಿದ್ದ ಕೆಂಪು ಹರಿವೆಯನ್ನು ಅತ್ತೆ ಕಿತ್ತು ಬದನೆ ಹಾಕಿದ್ದಾರೆ. ಡಾಕ್ಟರರು ಹರಿವೆ ಬೇಡವೆಂದಿರಲಿಲ್ಲ. ಕೇಳಿದ್ದಕ್ಕೆ ಅತ್ತೆ ಹೇಳಿದ್ದಿಷ್ಟೇ: "ಇನ್ನು ಕೆಂಪು ಕಂಡ್ರೆ, ಅದು ಎಂತದು ಅಂತ ಅವತ್ತೇ ಗೊತ್ತಾಗ್ಲಿ."