ಪಕ್ಕದ ಮನೆಯ ಅಪ್ಪ

ಉತ್ತರದ ತೀರ್ಥಕ್ಷೇತ್ರವೊಂದರ ಬಂಗಾಲಿ ಟೋಲಾ ಓಣಿಯಲ್ಲಿ ನಮ್ಮ ಪಕ್ಕದ ಮನೆಯವರು ಯಾತ್ರಿಕರ ಲಾಡ್ಜೊಂದರ ಮ್ಯಾನೇಜರು. ಮದುವೆಯಾಗದೆ ಜೊತೆಗಿದ್ದ ಸಂಗಾತಿ ತೀರಿಕೊಂಡ ಮೇಲೆ ಮಗಳನ್ನು ಒಬ್ಬರೇ ಸಾಕುತ್ತಿದ್ದರು. ಅವಳ ಜನನ ಪತ್ರದಲ್ಲಿ ತಂದೆಯ ಹೆಸರಿರಲಿಲ್ಲವೆಂದು ಶಾಲೆಯವರು ಇವರ ಸಹಿ ಒಪ್ಪಲಿಲ್ಲ. ಹೆಸರು ಸೇರಿಸಲು ಹೋದ ಕಚೇರಿಯಲ್ಲೆಲ್ಲ ಮದುವೆ ಸರ್ಟಿಫಿಕೇಟು ಕೇಳಿದರು. ಪ್ರತಿ ಸಲವೂ ನಮ್ಮ ಜಗಲಿಯಲ್ಲಿ ಕುಸಿದು ಕೂತು, ಫೈಲಿನಿಂದಲೇ ಗಾಳಿ ಹಾಕಿಕೊಳ್ಳುತ್ತ, "ಮದುವೆ ಆಗಿಲ್ಲ ಕಣ್ರೀ, ಮಗಳು ಆಗಿದಾಳೆ. ಇಷ್ಟು ಅರ್ಥ ಆಗಲ್ವಾ ಇವರಿಗೆ?" ಎನ್ನುತ್ತಿದ್ದರು.

ಕೊನೆಗೆ ಕೋರ್ಟು ಡಿಎನ್ಎ ಪರೀಕ್ಷೆ ಮಾಡಿಸಿ, ತಾಯಿಯ ನಂತರ ತಂದೆಯೇ ಗಾರ್ಡಿಯನ್ ಎಂದು ಆದೇಶ ಕೊಟ್ಟಿತು. ಅದನ್ನು ಹಿಡಿದು ಶಾಲೆಗೆ ಹೋದಾಗ ನಾನೂ ಜೊತೆಗಿದ್ದೆ. ಗುಮಾಸ್ತ ಅರ್ಜಿಯಲ್ಲಿ ಇವರ ಹೆಸರಿನ ಮುಂದೆ 'ಗಾರ್ಡಿಯನ್' ಎಂದು ಬರೆದು, "ಚಲೇಗಾ," ಇಷ್ಟಿದ್ದರೆ ನಡೆಯುತ್ತೆ, ಎಂದ.

"ನಹೀ ಚಲೇಗಾ!" ಎಂದು ಇವರು ಪೆನ್ನು ಕಿತ್ತುಕೊಂಡರು. ಆ ಪದವನ್ನು ಹೊಡೆದುಹಾಕಿ, ದೊಡ್ಡ ಅಕ್ಷರಗಳಲ್ಲಿ 'ಪಿತಾ' ಎಂದು ಬರೆದರು.